ನಿಧಾನವಾಗಿ ಆರಂಭವಾಗುವ ಲ್ಯಾಪ್‌ಟಾಪ್ : ಕಾರಣ ಹುಡುಕುವ ಕ್ರಮ, ಲೆಕ್ಕ ಉಳಿಸುವ ಬಗೆ

ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿಯ ಪೇಟೆ ದಿನಗಳು. ಸುಗ್ಗಿಯ ಕಾಲದಲ್ಲಿ ಟೆಂಡರ್ ಮುಗಿದು, ತೂಕವಾಗಿ, ಚೀಲಗಳು ಲಾರಿ ಏರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಸರಕಿನ ಮೌಲ್ಯ 50,000 ರೂಪಾಯಿಗಳನ್ನು ಮೀರಿದ್ದರೆ ಇ-ವೇ ಬಿಲ್ ಇಲ್ಲದೆ ಲಾರಿ ಹೊರಡುವಂತಿಲ್ಲ. ಅಂತರರಾಜ್ಯ ಸಾಗಣೆಗೆ ಈ ಬಿಲ್ ದೇಶದಾದ್ಯಂತ ಕಡ್ಡಾಯವಾದುದು 2018ರ ಏಪ್ರಿಲ್ 1ರಂದು. ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಹೀಗೆ, ಲಾರಿ ಸಿದ್ಧವಾಗಿದ್ದರೂ ಗಣಕಯಂತ್ರ ಸಿದ್ಧವಾಗದಿದ್ದರೆ ವ್ಯಾಪಾರ ನಿಲ್ಲುವ ಕಾಲ ಬಂದಿದೆ. ಗುಂಡಿ ಒತ್ತಿ ಏಳೆಂಟು ನಿಮಿಷ ಕಳೆದರೂ ತೆರೆಯದ ಲ್ಯಾಪ್‌ಟಾಪ್ ಇಂದು ಕೇವಲ ಬೇಸರದ ಸಂಗತಿಯಲ್ಲ, ನಷ್ಟದ ಬಾಬತ್ತು.

ಪಟ್ಟಣದಲ್ಲಿ ದುರಸ್ತಿ ಅಂಗಡಿ ಹತ್ತಿರವಿರುತ್ತದೆ. ತುಂಗಭದ್ರೆಯ ದಂಡೆಯ ಐರಣಿಯಂತಹ ಗ್ರಾಮದ ವರ್ತಕರು ಲ್ಯಾಪ್‌ಟಾಪ್ ಹೊತ್ತು ತಾಲ್ಲೂಕು ಕೇಂದ್ರವಾದ ರಾಣೆಬೆನ್ನೂರಿಗೆ ಹೋಗಿಬರುವುದೆಂದರೆ ಒಂದು ದಿನದ ವ್ಯವಹಾರ ಕೆಟ್ಟಂತೆ. ಅಲ್ಲಿಯೂ ದೊರೆಯುವ ಸಲಹೆ ಸಾಮಾನ್ಯವಾಗಿ ಎರಡೇ: 'ಫಾರ್ಮ್ಯಾಟ್ ಮಾಡಿಸಿ' ಅಥವಾ 'ಹೊಸದು ಕೊಳ್ಳಿ'. ಕಾರಣವನ್ನೇ ಅರಿಯದೆ ಈ ಎರಡರಲ್ಲಿ ಯಾವುದನ್ನು ಮಾಡಿದರೂ ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತಾದೀತು. ಹಲವು ಸಂದರ್ಭಗಳಲ್ಲಿ ಕಾರಣವನ್ನು ಮಾಲೀಕರೇ ಒಂದು ಗಡಿಯಾರ ಮತ್ತು ಒಂದು ನೋಟ್‌ಬುಕ್‌ನ ನೆರವಿನಿಂದ ಕಂಡುಕೊಳ್ಳಬಹುದು. ಆ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11 ಇರುವ ಲ್ಯಾಪ್‌ಟಾಪ್‌ಗಳಿಗೆ ಅನ್ವಯಿಸುತ್ತದೆ.

ಮೊದಲು ಲೆಕ್ಕದ ರಕ್ಷಣೆ, ಅನಂತರ ದುರಸ್ತಿ

ನಿಧಾನಗತಿಗೆ ಅನೇಕ ಕಾರಣಗಳುಂಟು. ಅವುಗಳಲ್ಲಿ ಬಹುಪಾಲು ನಿರಪಾಯಕಾರಿ. ಆದರೆ ಒಂದು ಕಾರಣ ಮಾತ್ರ ಅಪಾಯಕಾರಿಯಾದುದು: ಹಾರ್ಡ್ ಡಿಸ್ಕ್ ಸಾಯುತ್ತಿರುವುದು. ಡಿಸ್ಕ್‌ನ ಕೆಲವು ಭಾಗಗಳು ಕೆಟ್ಟಾಗ ಯಂತ್ರವು ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಕೇವಲ ನಿಧಾನವಾಗಿ ಕಾಣುತ್ತದೆ. ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವುದೇ ಇಲ್ಲ. ಅದರೊಡನೆ ಗಿರಾಕಿಗಳ ಬಾಕಿ, ದಾಸ್ತಾನು, ಹಲವು ವರ್ಷಗಳ ಲೆಕ್ಕ ಎಲ್ಲವೂ ಹೋಗುತ್ತವೆ.

ಹಿಂದೆ ದೀಪಾವಳಿಯಂದು ಪೂಜೆಗೊಂಡ ಖಾತೆ ಪುಸ್ತಕವು ತಿಜೋರಿಯಲ್ಲಿರುತ್ತಿತ್ತು. ಇಂದು ಆ ಪುಸ್ತಕ ಅಂಗೈಯಗಲದ ಒಂದು ಡಿಸ್ಕ್‌ನಲ್ಲಿದೆ. ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನ ಪ್ರಕಾರ ನೋಂದಾಯಿತ ವರ್ತಕರು ಆಯಾ ವರ್ಷದ ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿರಿಸಬೇಕು. ಡಿಸ್ಕ್ ಕೆಟ್ಟಿತೆಂಬ ಕಾರಣಕ್ಕೆ ಈ ಹೊಣೆ ತಪ್ಪುವುದಿಲ್ಲ.

ಆದಕಾರಣ ಲ್ಯಾಪ್‌ಟಾಪ್ ನಿಧಾನವಾಯಿತೆಂದು ತಿಳಿದ ದಿನವೇ ಮಾಡಬೇಕಾದ ಮೊದಲ ಕೆಲಸ ಪ್ರತಿ ತೆಗೆಯುವುದು. ಟ್ಯಾಲಿಯಂತಹ ಲೆಕ್ಕದ ತಂತ್ರಾಂಶಗಳಲ್ಲಿ 'ಬ್ಯಾಕಪ್' ಎಂಬ ಆಯ್ಕೆಯೇ ಇರುತ್ತದೆ. ಅದರಿಂದ ಲೆಕ್ಕವನ್ನು ಪೆನ್‌ಡ್ರೈವ್‌ಗೂ ಬೇರೊಂದು ಯಂತ್ರಕ್ಕೂ ಇಳಿಸಿಕೊಳ್ಳಬೇಕು. ಬಿಲ್ಲುಗಳ ಕಡತ, ಸಲ್ಲಿಸಿದ ವಿವರಗಳ ಪ್ರತಿ, ಫೋಟೋಗಳನ್ನೂ ಮರೆಯಬಾರದು. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಅಂಗಡಿಯ ಹೊರಗೆ ಎಂಬುದು ಗಣಕ ಕ್ಷೇತ್ರದ ಒಪ್ಪಿತ ನಿಯಮ. ತೆಗೆದ ಪ್ರತಿಯನ್ನು ಬೇರೆ ಯಂತ್ರದಲ್ಲಿ ಒಮ್ಮೆ ತೆರೆದು ನೋಡಬೇಕು. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ಗಡಿಯಾರ ಹಿಡಿದು ಅಳೆಯುವುದು

ಲಾರಿ ತಡವಾಗಿ ಬಂದರೆ ವರ್ತಕರು ಕೇಳುವ ಪ್ರಶ್ನೆ ಒಂದೇ: ತಡವಾದದ್ದು ಲೋಡಿಂಗ್‌ನಲ್ಲೋ, ದಾರಿಯಲ್ಲೋ, ಇಳಿಸುವಲ್ಲೋ? ಲ್ಯಾಪ್‌ಟಾಪ್ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕು. ಆರಂಭವೆಂಬುದು ಮೂರು ಹಂತಗಳ ಪ್ರಯಾಣ.

ಮೊದಲ ಹಂತ: ಗುಂಡಿ ಒತ್ತಿದಾಗಿನಿಂದ ತಯಾರಕರ ಚಿಹ್ನೆ ಕಂಡು, ಅದರ ಕೆಳಗೆ ಚುಕ್ಕೆಗಳ ವೃತ್ತ ತಿರುಗಲಾರಂಭಿಸುವವರೆಗೆ. ಈ ಅವಧಿಯಲ್ಲಿ ಯಂತ್ರವು ತನ್ನ ಅಂಗಾಂಗಗಳನ್ನು ಪರೀಕ್ಷಿಸಿಕೊಳ್ಳುತ್ತದೆ.

ಎರಡನೆಯ ಹಂತ: ವೃತ್ತ ತಿರುಗಲಾರಂಭಿಸಿದಾಗಿನಿಂದ ಪಾಸ್‌ವರ್ಡ್ ಕೇಳುವ ಪರದೆಯವರೆಗೆ. ಇಲ್ಲಿ ವಿಂಡೋಸ್‌ನ ಕಡತಗಳು ಡಿಸ್ಕ್‌ನಿಂದ ಸ್ಮೃತಿಗೆ, ಅಂದರೆ ರ‍್ಯಾಮ್‌ಗೆ ಬರುತ್ತವೆ.

ಮೂರನೆಯ ಹಂತ: ಪಾಸ್‌ವರ್ಡ್ ಕೊಟ್ಟ ನಂತರ ಲೆಕ್ಕದ ತಂತ್ರಾಂಶ ತೆರೆದು ಕೆಲಸಕ್ಕೆ ಒದಗುವವರೆಗೆ. ಬಳಕೆದಾರರು ವರ್ಷಗಳಿಂದ ಅಳವಡಿಸಿದ ಇತರ ತಂತ್ರಾಂಶಗಳು ಏಳುವುದು ಈಗ.

ಮೂರು ದಿನ ಬೆಳಿಗ್ಗೆ ಈ ಮೂರೂ ಅವಧಿಗಳನ್ನು ಬರೆದಿಡಬೇಕು. ಐರಣಿಯ ಒಂದು ಬೀಜ-ಗೊಬ್ಬರದ ಅಂಗಡಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಅಲ್ಲಿನ ಆರು ವರ್ಷದ ಲ್ಯಾಪ್‌ಟಾಪ್ ಮೊದಲ ಹಂತಕ್ಕೆ 15 ಸೆಕೆಂಡು, ಎರಡನೆಯದಕ್ಕೆ 2 ನಿಮಿಷ, ಮೂರನೆಯದಕ್ಕೆ 6 ನಿಮಿಷ ತೆಗೆದುಕೊಂಡಿತೆನ್ನೋಣ. ಈ ಮೂರು ಅಂಕಿಗಳಿಂದಲೇ ರೋಗದ ನೆಲೆ ಅರ್ಧ ತಿಳಿದಂತಾಯಿತು: ಮೊದಲ ಹಂತದಲ್ಲಿ ದೋಷವಿಲ್ಲ. ಹುಡುಕಬೇಕಾದದ್ದು ಮೂರನೆಯದರಲ್ಲಿ, ಅನಂತರ ಎರಡನೆಯದರಲ್ಲಿ.

ಅಳೆಯುವ ಮುನ್ನ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿಂಡೋಸ್ 10 ಮತ್ತು 11ರಲ್ಲಿ 'ಫಾಸ್ಟ್ ಸ್ಟಾರ್ಟ್‌ಅಪ್' ಎಂಬ ವ್ಯವಸ್ಥೆ ಸಾಮಾನ್ಯವಾಗಿ ಚಾಲನೆಯಲ್ಲಿರುತ್ತದೆ. ಅದರಿಂದಾಗಿ 'ಶಟ್‌ಡೌನ್' ಮಾಡಿದಾಗ ವ್ಯವಸ್ಥೆಯ ಮೂಲಭಾಗ ಪೂರ್ಣ ಮುಚ್ಚದೆ, ತನ್ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ. ಪೂರ್ಣವಾಗಿ ಹೊಸದಾಗಿ ಏಳುವುದು 'ರೀಸ್ಟಾರ್ಟ್' ಕೊಟ್ಟಾಗ ಮಾತ್ರ. ಪ್ರತಿ ರಾತ್ರಿ ತಪ್ಪದೆ ಮುಚ್ಚುವವರ ಯಂತ್ರವೂ ತಿಂಗಳುಗಟ್ಟಲೆ ಹಳೆಯ ತೊಡಕುಗಳನ್ನು ಹೊತ್ತುಕೊಂಡೇ ಇರಬಹುದು. ಆದ್ದರಿಂದ ಮೊದಲು ಒಮ್ಮೆ 'ರೀಸ್ಟಾರ್ಟ್' ಕೊಟ್ಟು, ಬಾಕಿಯಿರುವ ಅಪ್‌ಡೇಟ್‌ಗಳನ್ನು ಮುಗಿಸಿ, ಆಮೇಲೆ ಅಳೆಯಬೇಕು. ಖರ್ಚಿಲ್ಲದ ಈ ಒಂದೇ ಕ್ರಮದಿಂದ ಸರಿಹೋದ ಯಂತ್ರಗಳೂ ಉಂಟು.

ಮೊದಲ ಹಂತದ ವಿಳಂಬ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ತೆರೆಯುತ್ತದೆ. ಅದರ 'ಸ್ಟಾರ್ಟ್‌ಅಪ್' ಪುಟದ ಮೇಲ್ಭಾಗದಲ್ಲಿ 'ಲಾಸ್ಟ್ ಬಯಾಸ್ ಟೈಮ್' ಎಂದು ಹೆಚ್ಚಿನ ಯಂತ್ರಗಳಲ್ಲಿ ಸೆಕೆಂಡುಗಳು ನಮೂದಾಗಿರುತ್ತವೆ. ಅದು ಅರ್ಧ ನಿಮಿಷವನ್ನೂ ಮೀರಿದ್ದರೆ ಮೊದಲು ಪ್ರಿಂಟರ್, ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಡಿಜಿಟಲ್ ಸಹಿಯ ಟೋಕನ್ ಇವೆಲ್ಲವನ್ನೂ ಕಳಚಿ ಮತ್ತೆ ಆರಂಭಿಸಿ ನೋಡಬೇಕು. ಕೆಲವು ಯಂತ್ರಗಳು ಮೊದಲು ಹೊರಗಿನ ಸಾಧನಗಳಲ್ಲಿ ಅಥವಾ ಜಾಲದಲ್ಲಿ ವಿಂಡೋಸ್‌ಗಾಗಿ ಹುಡುಕಿ, ಸಿಗದೆ, ಅನಂತರ ತಮ್ಮ ಡಿಸ್ಕ್‌ಗೆ ಬರುತ್ತವೆ.

ದಿನಾಂಕ ಮತ್ತು ಸಮಯ ಪದೇ ಪದೇ ತಪ್ಪಾಗುತ್ತಿದ್ದರೆ ಒಳಗಿನ ಬಿಲ್ಲೆಯಾಕಾರದ ಪುಟ್ಟ ಬ್ಯಾಟರಿ ತೀರಿರುವ ಸಾಧ್ಯತೆಯಿದೆ. ಸಮಯ ತಪ್ಪಿದ್ದರೆ ಜಿ.ಎಸ್.ಟಿ. ಮತ್ತು ಬ್ಯಾಂಕುಗಳ ಸುರಕ್ಷಿತ ಪುಟಗಳೂ ತೆರೆಯಲು ತಕರಾರು ಮಾಡುತ್ತವೆ.

ಮೂರನೆಯ ಹಂತ : ಕರೆಯದೆ ಬಂದವರು

ಹೊಸ ತಂತ್ರಾಂಶ ಅಳವಡಿಸಿದಾಗಲೆಲ್ಲ ಅದು ತನ್ನನ್ನೂ ಬೆಳಿಗ್ಗೆ ಎಬ್ಬಿಸಬೇಕೆಂದು ಹೆಸರು ಬರೆಸಿಕೊಳ್ಳುತ್ತದೆ. ಪ್ರಿಂಟರ್‌ನ ಸಹಾಯಕ, ಮೊಬೈಲ್ ಜೋಡಣೆ, ವಿಡಿಯೋ ಸಭೆ, ಕನ್ನಡ ಬೆರಳಚ್ಚಿನ 'ನುಡಿ' ಅಥವಾ 'ಬರಹ', ಹಾಡಿನ ತಂತ್ರಾಂಶ ಹೀಗೆ ಪಟ್ಟಿ ಬೆಳೆಯುತ್ತದೆ. ಅಂಗಡಿಯ ಬಾಗಿಲು ತೆರೆದೊಡನೆ ಹತ್ತು ಜನ ಒಟ್ಟಿಗೆ ನುಗ್ಗಿದರೆ ಆಗುವ ಗೊಂದಲವೇ ಇಲ್ಲಿಯೂ ಆಗುತ್ತದೆ.

ಟಾಸ್ಕ್ ಮ್ಯಾನೇಜರ್‌ನ ಅದೇ 'ಸ್ಟಾರ್ಟ್‌ಅಪ್' ಪುಟದಲ್ಲಿ ಪ್ರತಿಯೊಂದರ ಮುಂದೆ ಅದರ ಹೊರೆ 'ಹೈ', 'ಮೀಡಿಯಂ', 'ಲೋ' ಎಂದು ಸಾಮಾನ್ಯವಾಗಿ ನಮೂದಾಗಿರುತ್ತದೆ. ವಾರಕ್ಕೊಮ್ಮೆ ಬಳಸುವ ಯಾವುದನ್ನೂ ಅಲ್ಲಿ 'ಡಿಸೇಬಲ್' ಮಾಡಬಹುದು. ಇದರಿಂದ ತಂತ್ರಾಂಶ ಅಳಿಯುವುದಿಲ್ಲ, ಬೇಕಾದಾಗ ತೆರೆದುಕೊಳ್ಳಬಹುದು. ವೈರಾಣು ನಿರೋಧಕ, ಧ್ವನಿ, ಟಚ್‌ಪ್ಯಾಡ್ ಇವುಗಳನ್ನು ಮುಟ್ಟಬಾರದು. ಡಿಜಿಟಲ್ ಸಹಿಯ ಟೋಕನ್ ನಿತ್ಯ ಬಳಸುವವರು ಅದರ ಸಹಾಯಕವನ್ನೂ ಉಳಿಸಿಕೊಳ್ಳಬೇಕು.

ಇನ್ನೂ ಎರಡು ಸಂಗತಿಗಳು ವರ್ತಕರ ಯಂತ್ರಗಳಲ್ಲಿ ವಿಶೇಷವಾಗಿ ಕಾಣುತ್ತವೆ. ಒಂದು, ಎರಡು ವೈರಾಣು ನಿರೋಧಕಗಳನ್ನು ಒಟ್ಟಿಗೆ ಇಟ್ಟಿರುವುದು. ಅವು ಒಂದರ ಕೆಲಸವನ್ನು ಇನ್ನೊಂದು ತಡೆಯುತ್ತವೆ, ಒಂದೇ ಸಾಕು. ಎರಡು, ಗೋದಾಮಿನ ಗಣಕಯಂತ್ರದ ಫೋಲ್ಡರನ್ನು ಜಾಲದ ಮೂಲಕ ಅಂಗಡಿಯ ಲ್ಯಾಪ್‌ಟಾಪ್‌ಗೆ ಶಾಶ್ವತವಾಗಿ ಜೋಡಿಸಿರುವುದು. ಗೋದಾಮಿನ ಯಂತ್ರ ಇನ್ನೂ ತೆರೆದಿಲ್ಲದಿದ್ದರೆ ಲ್ಯಾಪ್‌ಟಾಪ್ ಅದರ ಉತ್ತರಕ್ಕಾಗಿ ಕಾಯುತ್ತಾ ಕೂರುತ್ತದೆ. ಗೋದಾಮಿನ ಯಂತ್ರವನ್ನು ಮೊದಲು ತೆರೆಯುವುದೇ ಇದಕ್ಕೆ ಸುಲಭ ಪರಿಹಾರ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆದು ಬರೆಯಬೇಕು. ಐದು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಗುಣ ಕೊಟ್ಟದ್ದು ಯಾವುದೆಂದು ತಿಳಿಯುವುದಿಲ್ಲ. ಕೆಟ್ಟರೆ ಕೆಡಿಸಿದ್ದು ಯಾವುದೆಂದೂ ತಿಳಿಯುವುದಿಲ್ಲ.

ಎರಡನೆಯ ಹಂತ : ಡಿಸ್ಕ್‌ನ ಮಿತಿ

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇರುತ್ತದೆ. ಅದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ಸುತ್ತುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರುವವರೆಗೆ ಕಾಯಲೇಬೇಕು, ಮುಳ್ಳೂ ಸರಿಯಬೇಕು. ಹೀಗಾಗಿ ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಮಾತ್ರ ಓದಬಲ್ಲದು. ವಿಂಡೋಸ್ ಏಳಲು ಇಂತಹ ಸಾವಿರಾರು ಸಣ್ಣ ಓದುಗಳು ಬೇಕು. ಎಸ್.ಎಸ್.ಡಿ. ಎಂಬ ಹೊಸ ಬಗೆಯ ಡಿಸ್ಕ್‌ನಲ್ಲಿ ತಿರುಗುವ ಭಾಗವೇ ಇಲ್ಲ. ಅದು ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ನಿಮಿಷಗಳ ಕಾಯುವಿಕೆ ಸೆಕೆಂಡುಗಳಿಗೆ ಇಳಿಯುವ ರಹಸ್ಯ ಇಷ್ಟೇ.

ಆರಂಭವಾದೊಡನೆ ಟಾಸ್ಕ್ ಮ್ಯಾನೇಜರ್‌ನ 'ಪರ್ಫಾರ್ಮೆನ್ಸ್' ಪುಟ ನೋಡಬೇಕು. ಡಿಸ್ಕ್ ಹಲವು ನಿಮಿಷ ಶೇ. 100ರಲ್ಲಿದ್ದು ಸಿ.ಪಿ.ಯು. ಸುಮ್ಮನಿದ್ದರೆ ಅಡ್ಡಿ ಡಿಸ್ಕ್‌ನದು. ಮೆಮೊರಿ ಶೇ. 90ರ ಮೇಲಿದ್ದರೆ ರ‍್ಯಾಮ್ ಸಾಲದು. 4 ಜಿ.ಬಿ. ರ‍್ಯಾಮ್‌ನಲ್ಲಿ ಇಂದಿನ ಕೆಲಸ ಏದುಸಿರು ಬಿಡುತ್ತದೆ, 8 ಜಿ.ಬಿ. ಇದ್ದರೆ ಅಂಗಡಿಯ ಲೆಕ್ಕಕ್ಕೆ ಸಾಕು. ಕೆಲವು ಮಾದರಿಗಳಲ್ಲಿ ರ‍್ಯಾಮ್ ಬೆಸುಗೆಗೊಂಡಿದ್ದು ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಬೇಕು.

ಡಿಸ್ಕ್ ಕೇವಲ ಹಳೆಯದೋ, ಸಾಯುತ್ತಿದೆಯೋ ಎಂಬುದನ್ನು ಬೇರ್ಪಡಿಸುವುದು ಈ ಪರೀಕ್ಷೆಯ ತಿರುಳು. 'ಕ್ರಿಸ್ಟಲ್ ಡಿಸ್ಕ್ ಇನ್ಫೋ' ಎಂಬ ಉಚಿತ ತಂತ್ರಾಂಶ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಆರೋಗ್ಯದ ದಾಖಲೆಯನ್ನು ಓದಿ ತೋರಿಸುತ್ತದೆ. 'ಗುಡ್' ಎಂದಿದ್ದರೆ ಸದ್ಯಕ್ಕೆ ಭಯವಿಲ್ಲ. 'ಕಾಷನ್' ಅಥವಾ 'ಬ್ಯಾಡ್' ಎಂದಿದ್ದರೆ ಆ ಡಿಸ್ಕ್ ನಂಬಿಕೆಗೆ ಅರ್ಹವಲ್ಲ. ಟಕಟಕ ಸದ್ದು, ಕಡತ ನಕಲಿಸುವಾಗ ನಡುವೆ ನಿಲ್ಲುವುದು, ದಿನದಿಂದ ದಿನಕ್ಕೆ ನಿಧಾನ ಹೆಚ್ಚುವುದು ಇವೂ ಅದರ ಲಕ್ಷಣಗಳೇ. ಅಂತಹ ಡಿಸ್ಕ್ ಮೇಲೆ ದುರಸ್ತಿ ತಂತ್ರಾಂಶಗಳನ್ನು ಓಡಿಸಿದರೆ ಉಳಿದ ಆಯುಷ್ಯವೂ ಖರ್ಚಾಗುತ್ತದೆ. ಮೊದಲು ಪ್ರತಿ, ಆಮೇಲೆ ಬದಲಾವಣೆ.

ಡಿಸ್ಕ್ ತುಂಬಿ ತುಳುಕುತ್ತಿದ್ದರೂ ಯಂತ್ರ ಬಳಲುತ್ತದೆ. ಐದರಲ್ಲಿ ಒಂದು ಭಾಗ ಖಾಲಿ ಇರುವುದು ಲೇಸು. 'ಸೆಟ್ಟಿಂಗ್ಸ್', 'ಸಿಸ್ಟಮ್', 'ಸ್ಟೋರೇಜ್' ಎಂಬ ದಾರಿಯಲ್ಲಿ ತಾತ್ಕಾಲಿಕ ಕಡತಗಳನ್ನು ಅಳಿಸಬಹುದು. ಅಲ್ಲಿಯ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬುದಕ್ಕೆ ಗುರುತು ಹಾಕುವ ಮುನ್ನ ಎಚ್ಚರ ಬೇಕು. ಸಲ್ಲಿಸಿದ ವಿವರಗಳು, ಇ-ವೇ ಬಿಲ್‌ಗಳು, ಬ್ಯಾಂಕಿನ ಪಟ್ಟಿಗಳು ಅನೇಕರಲ್ಲಿ ಅದೇ ಜಾಗದಲ್ಲಿರುತ್ತವೆ.

ಧೂಳು ಮತ್ತು ಬಿಸಿ

ಬೆಳಿಗ್ಗೆ ಚುರುಕಾಗಿ ಎದ್ದು, ಗಂಟೆಯ ನಂತರ ಮಂದವಾಗುವ, ಬಿಸಿಯಲ್ಲಿಯೇ ಮತ್ತೆ ಆರಂಭಿಸಿದರೆ ಬಹಳ ತಡಮಾಡುವ ಯಂತ್ರದ ರೋಗ ಬೇರೆ. ಅತಿಯಾಗಿ ಬಿಸಿಯಾದಾಗ ಸಿ.ಪಿ.ಯು. ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಮೆಣಸಿನಕಾಯಿ ಗೋದಾಮಿನ ಸಣ್ಣ ಧೂಳು, ಹತ್ತಿಯ ಎಳೆ, ಗೋವಿನಜೋಳದ ಹೊಟ್ಟು ಫ್ಯಾನಿನ ಹಿಂದಿನ ಲೋಹದ ಪಟ್ಟಿಗಳ ನಡುವೆ ಸೇರಿ ಗಾಳಿಯ ದಾರಿ ಮುಚ್ಚುತ್ತವೆ. ಗಾದಿಯ ಮೇಲೆ ಲ್ಯಾಪ್‌ಟಾಪ್ ಇಡುವ ರೂಢಿ ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಏಕೆಂದರೆ ಹೆಚ್ಚಿನವು ಉಸಿರಾಡುವುದು ತಳದಿಂದ. ಕೆಳಗೊಂದು ಹಲಗೆ ಇಟ್ಟರೂ ಸಾಕು.

ಧೂಳು ತೆಗೆಯುವಾಗ ಯಂತ್ರವನ್ನು ಪೂರ್ಣ ಮುಚ್ಚಿ, ಚಾರ್ಜರ್ ಕಳಚಿ, ಬಯಲಿನಲ್ಲಿ ಮೂಗು ಮತ್ತು ಕಣ್ಣಿಗೆ ರಕ್ಷಣೆ ಧರಿಸಿ, ಚಿಕ್ಕ ಚಿಕ್ಕ ಊದುವಿಕೆಯಿಂದ ಗಾಳಿ ಹಾಯಿಸಬೇಕು. ಮೆಣಸಿನ ಧೂಳು ಕಣ್ಣಿಗೆ ಬಿದ್ದರೆ ಆಗುವುದನ್ನು ಬ್ಯಾಡಗಿಯವರಿಗೆ ಹೇಳಬೇಕಾಗಿಲ್ಲ. ಬೆಳಗಿನ ತಣ್ಣನೆಯ ಮೊದಲ ಆರಂಭವೇ ನಿಧಾನವಾಗಿದ್ದರೆ ಮಾತ್ರ ಧೂಳನ್ನು ದೂಷಿಸಿ ಫಲವಿಲ್ಲ.

ವೈರಾಣು ಮತ್ತು ವಂಚನೆ

ಅನಧಿಕೃತ ಪ್ರತಿಗಳಾಗಿ ದೊರೆಯುವ ಲೆಕ್ಕದ ತಂತ್ರಾಂಶಗಳೊಡನೆ ವೈರಾಣುಗಳೂ ಬರುವುದುಂಟು. ವಿಂಡೋಸ್‌ನಲ್ಲಿಯೇ ಇರುವ ಡಿಫೆಂಡರ್‌ನ 'ಆಫ್‌ಲೈನ್ ಸ್ಕ್ಯಾನ್' ವ್ಯವಸ್ಥೆ ಪೂರ್ಣ ಏಳುವ ಮುನ್ನವೇ ಅವನ್ನು ಶೋಧಿಸುತ್ತದೆ. 'ನಿಮ್ಮ ಗಣಕ ನಿಧಾನವಾಗಿದೆ, ಈ ಸಂಖ್ಯೆಗೆ ಕರೆಮಾಡಿ' ಎಂದು ಪರದೆಯ ಮೇಲೆ ಮೂಡುವ ಸಂದೇಶ ವಂಚಕರದು. ಅವರ ಮಾತಿಗೆ ಮರುಳಾಗಿ ದೂರನಿಯಂತ್ರಣದ ತಂತ್ರಾಂಶ ಹಾಕಿಕೊಂಡರೆ ಬ್ಯಾಂಕ್ ಖಾತೆಯ ಕೀಲಿಯನ್ನೇ ಕೊಟ್ಟಂತೆ. ಹಣ ಕಳೆದುಕೊಂಡವರು ಕೂಡಲೇ 1930 ಸಂಖ್ಯೆಯ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು.

ಖರ್ಚಿನ ನಿರ್ಣಯ

ಐರಣಿಯ ಉದಾಹರಣೆಗೆ ಮರಳಿದರೆ, ಆ ಅಂಗಡಿಯಲ್ಲಿ ಅನಗತ್ಯ ತಂತ್ರಾಂಶಗಳನ್ನು ನಿಲ್ಲಿಸಿದ ಮೇಲೆ ಮೂರನೆಯ ಹಂತ 6 ನಿಮಿಷದಿಂದ 3ಕ್ಕೆ ಇಳಿಯಿತೆನ್ನೋಣ. ಎರಡನೆಯ ಹಂತ ಮಾತ್ರ ಕದಲಲಿಲ್ಲ, ಡಿಸ್ಕ್ ಶೇ. 100ರಲ್ಲಿಯೇ ನಿಂತಿತು, ಆರೋಗ್ಯದ ದಾಖಲೆ 'ಕಾಷನ್' ಎಂದಿತು. ಇಲ್ಲಿ 'ಮೂರು ನಿಮಿಷ ಉಳಿಯಿತಲ್ಲ' ಎಂದು ಸುಮ್ಮನಾಗುವುದು ತಪ್ಪು. ನಿಧಾನಗತಿ ಒಂದು ಸೂಚನೆಯಾಗಿತ್ತು. ಅರ್ಧ ಗುಣವಾದೊಡನೆ ಸೂಚನೆಯನ್ನು ಮರೆತರೆ ಉಳಿದರ್ಧ ಲೆಕ್ಕವನ್ನೇ ನುಂಗೀತು. ಪ್ರತಿ ಕೈಯಲ್ಲಿದ್ದರೆ ಎಸ್.ಎಸ್.ಡಿ. ಹಾಕಿಸುವುದು ಸರಳ ಕೆಲಸ. ಅದರ ಬೆಲೆ ಹೊಸ ಲ್ಯಾಪ್‌ಟಾಪ್‌ನ ಬೆಲೆಯ ಒಂದು ಸಣ್ಣ ಪಾಲು.

ಆದರೆ ಹಣ ಹಾಕುವ ಮುನ್ನ ಯಂತ್ರದ ವಯಸ್ಸನ್ನು ನೋಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವೂ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯ ಅಥವಾ ನಂತರದ ಸಿ.ಪಿ.ಯು.ವೂ ಬೇಕು. ಇವು ಇರುವ ಯಂತ್ರಕ್ಕೆ ಎಸ್.ಎಸ್.ಡಿ. ಮತ್ತು ರ‍್ಯಾಮ್ ಹಾಕಿಸುವುದು ಲಾಭದ ವ್ಯವಹಾರ. ಇಲ್ಲದ ಯಂತ್ರದ ಮೇಲೆ ಹೆಚ್ಚು ಖರ್ಚು ಮಾಡುವುದು ಬ್ಯಾಂಕ್ ಮತ್ತು ತೆರಿಗೆಯ ಕೆಲಸಕ್ಕೆ ಉಚಿತವಲ್ಲ.

ದುರಸ್ತಿಗೆ ಕೊಡುವಾಗ ಕೆಲವು ಎಚ್ಚರಿಕೆಗಳು ಅಗತ್ಯ. ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಸರಿಯಿರುವ ಲೆಕ್ಕವೂ ಬೀಗದೊಳಗೆ ಉಳಿಯುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಯಾರಿಗೂ ಹೇಳಬಾರದು. ಡಿಜಿಟಲ್ ಸಹಿಯ ಟೋಕನನ್ನು ಯಂತ್ರದೊಡನೆ ಕೊಡಬಾರದು. ತೆಗೆದ ಹಳೆಯ ಡಿಸ್ಕನ್ನು ಮರಳಿ ಪಡೆಯಬೇಕು. ಮಾಸಿಕ ವಿವರ ಸಲ್ಲಿಸುವವರು 11 ಮತ್ತು 20ನೇ ತಾರೀಖುಗಳ ಹಿಂದುಮುಂದಿನ ದಿನಗಳನ್ನೂ, ಪೇಟೆಯ ದಿನಗಳನ್ನೂ ಬಿಟ್ಟು ಈ ಕೆಲಸಕ್ಕೆ ಕೈ ಹಾಕುವುದು ಲೇಸು.

ಎಸ್.ಎಸ್.ಡಿ. ಬಂದಿತೆಂದು ಪ್ರತಿ ತೆಗೆಯುವ ರೂಢಿಯನ್ನು ಬಿಡುವಂತಿಲ್ಲ. ಹಳೆಯ ಡಿಸ್ಕ್ ಸಾಯುವ ಮುನ್ನ ನರಳುವುದುಂಟು; ಎಸ್.ಎಸ್.ಡಿ. ಅನೇಕ ಸಲ ಸದ್ದಿಲ್ಲದೆ ಒಮ್ಮೆಲೇ ನಿಲ್ಲುತ್ತದೆ. ಸಂಜೆ ಗಲ್ಲಾ ಪೆಟ್ಟಿಗೆಯ ಹಣ ಎಣಿಸಿ ಬೀಗ ಹಾಕುವ ವರ್ತಕರು, ಅದೇ ಹೊತ್ತಿಗೆ ಆ ದಿನದ ಲೆಕ್ಕದ ಪ್ರತಿಯನ್ನೂ ತೆಗೆದಿಟ್ಟರೆ, ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಬೇಗ ಏಳಲಿ, ತಡವಾಗಿ ಏಳಲಿ, ಏಳದೆಯೇ ಹೋಗಲಿ, ಅಂಗಡಿಯ ಬಾಗಿಲು ಎಂದಿನಂತೆ ತೆರೆಯುತ್ತದೆ.